ಹತ್ತಿಯ ಚೌಕ

ಸಂಜೆ ಐದಕ್ಕೆ ಪಂಜರಕ್ಕೊಂದು ಹತ್ತಿಯ ಚೌಕ ಇಡುತ್ತೇನೆ,
ಬೆಂಕಿಪೆಟ್ಟಿಗೆಯಷ್ಟು, ಒತ್ತಿ ಗಟ್ಟಿ ಮಾಡಿದ್ದು.
ಬೆಳಿಗ್ಗೆ ಬಂದು ಅಂಕ ಹಾಕಬೇಕು:
ಮುಟ್ಟದೆ ಬಿಟ್ಟಿದ್ದರೆ ಒಂದು;
ಎಳೆಯೆಳೆ ಬಿಡಿಸಿ, ಸುತ್ತ ಗೋಡೆಯೆಬ್ಬಿಸಿ,
ನಡುವೆ ಮೈ ಹುದುಗಿಸಿಕೊಂಡಿದ್ದರೆ ಐದು.
ಇಲಿ ಗೂಡು ಕಟ್ಟುವುದನ್ನು ಮರೆತಾಗಲೇ
ನಮಗೆ ತಿಳಿದುಹೋಗುತ್ತದೆ.

ಜೆರುಸಲೇಮಿನ ಈ ನೆಲಮಾಳಿಗೆಗೆ ಕಿಟಕಿಯಿಲ್ಲ.
ಹಗಲೂ ಇರುಳೂ ಗೋಡೆಯ ಗುಂಡಿ ಕೊಟ್ಟಷ್ಟೇ.
ಈ ಚಿಟ್ಟಿಲಿಗಳ ಒಡಲಲ್ಲಿ ಮನುಷ್ಯರದೊಂದು ಜೀನು;
ಅದು ಹೆಣೆಯುವ ಸರದಲ್ಲಿ
ಇನ್ನೂರನೆಯ ಮಣಿ ಬೇರೆಯದು.
ಹೊಸಬರಿಗೆ ಪಾಠ ಹೇಳುವಾಗ ಡಾಕ್ಟರು
ಕರವಸ್ತ್ರ ಮಡಿಚಿ ತೋರಿಸುತ್ತಾರೆ:
‘ಪ್ರಿಯಾನ್ ಅಂದರೆ ಇಷ್ಟೇ, ತಪ್ಪಾಗಿ ಮಡಿಚಿಕೊಂಡದ್ದು
ಪಕ್ಕದ್ದಕ್ಕೂ ಅದೇ ಮಡಿಕೆ ಕಲಿಸುತ್ತದೆ.
ಟ್ರಿಪೋಲಿಯಿಂದ ಬಂದ ಮನೆತನಗಳಲ್ಲಿ ಹೆಚ್ಚು.’
ನಾನು ಕೈಗವಸು ಇನ್ನಷ್ಟು ಮೇಲೆಳೆದುಕೊಳ್ಳುತ್ತೇನೆ.
ನಮ್ಮವರು ಹಡಗು ಹತ್ತಿದ್ದೂ ಅಲ್ಲಿಂದಲೇ.

ಅಮ್ಮ ಮೊದಲು ಮರೆತದ್ದು ಹೊದಿಕೆ ಮಡಿಸುವುದನ್ನು.
ಎರಡು ತುದಿ ಅವಳ ಕೈಯಲ್ಲಿ, ಎರಡು ನನ್ನಲ್ಲಿ.
‘ಬಾ ಅಮ್ಮಾ, ಹತ್ತಿರ ಬಾ’ ಅಂದೆ.
ಬರಲಿಲ್ಲ.
ನಡುವೆ ಬಟ್ಟೆ ಜೋತುಬಿದ್ದಿತ್ತು.
ಅದು ಪಸ್ಕ ಹಬ್ಬದ ಮರುವಾರ.
ಬೇಸಿಗೆ ಮುಗಿಯುವ ಮೊದಲೇ ಅವಳು ಮುಗಿದಿದ್ದಳು.

ಅದಕ್ಕೂ ಮುಂಚೆ, ನಾನಿನ್ನೂ ಹಲ್ಲು ಬೀಳದ ಹುಡುಗಿ,
ಸೋದರಮಾವ ಖ್ಲಾಫೋ ನಡೆಯುತ್ತಲೇ ತೂರಾಡಿ
ಎರಡೇ ತಿಂಗಳಲ್ಲಿ ಹೋದಾಗ
ಬಿಳಿಕೋಟಿನವರು ಅಜ್ಜಿಯ ಅಡುಗೆಮನೆಗೇ ಬಂದರು.
‘ಏನೇನು ತಿನ್ನುತ್ತೀರಿ?’
ಅಜ್ಜಿ ಜ್ಮಿರ್ದಾ ಹೆಮ್ಮೆಯಿಂದಲೇ ಹೇಳಿದಳು:
ಹೊಸವರ್ಷದ ರಾತ್ರಿ ಕುರಿಯ ತಲೆ,
ಮಿದುಳಿಗೆ ಜೀರಿಗೆ, ಬೆಳ್ಳುಳ್ಳಿ,
ಕಣ್ಣು ಮಾತ್ರ ಹಿರಿಮಗನಿಗೆ.
ಅವರು ಬರೆದುಕೊಂಡರು. ತಲೆಯೆತ್ತಲಿಲ್ಲ.
ವಾರದೊಳಗೆ ಓಣಿಗೆಲ್ಲ ಗೊತ್ತಾಗಿತ್ತು,
ತುತ್ತಿಟ್ಟೇ ಮಗನನ್ನು ಕೊಂದವಳು ಎಂದು.
ಅಜ್ಜಿ ಆ ಪಾತ್ರೆಯನ್ನು ಬೋರಲು ಹಾಕಿದಳು.
ಅದರ ಮೇಲೆ ಬೆಕ್ಕು ಮಲಗುತ್ತಿತ್ತು.

ತಪ್ಪು ಒಲೆಯ ಮೇಲಿರಲಿಲ್ಲ, ರಕ್ತದಲ್ಲಿತ್ತು
(ಅವಳದೋ ತಾತನದೋ, ಯಾರು ಬಲ್ಲರು)
ಎಂಬ ಸುದ್ದಿ ಬಂದಾಗ
ಅಜ್ಜಿ ಮಣ್ಣಿಗೆ ಹೋಗಿ ಆರು ವರ್ಷ.
ಓಣಿಯವರು ಕ್ಷಮೆ ಕೇಳಲಿಲ್ಲ.
ಕೇಳುವುದಾದರೂ ಯಾರನ್ನು?

ಈ ಇಲಿಗಳು ಕುರಿಯನ್ನು ಕಂಡೇ ಇಲ್ಲ ಅಜ್ಜೀ.
ಒಣಕಾಳಿನ ಗುಳಿಗೆ, ಸೋಸಿದ ನೀರು,
ಹುಟ್ಟಿದ್ದೂ ಇಲ್ಲೇ, ಸಾಯುವುದೂ ಇಲ್ಲೇ.
ಆದರೂ ಆರನೇ ತಿಂಗಳಿಗೆ ಹಿಂಗಾಲು ಎಳೆಯುತ್ತವೆ.
ನಿನ್ನ ಪರ ಸಾಕ್ಷಿ ಹೇಳಲು
ಮುನ್ನೂರ ಹನ್ನೆರಡು ಇಲಿಗಳಿವೆ ಈ ಕೋಣೆಯಲ್ಲಿ.
ಮಾತು ಬಾರದವು, ನಿಜ.
ಮಾತು ಬಂದವರು ಏನಂದರೆಂದು ನೀನೇ ಕೇಳಿದ್ದೀಯಲ್ಲ.

ಈಗ ಹೊಸ ಮದ್ದಿನ ಪರೀಕ್ಷೆ ನಡೆದಿದೆ.
ಯಾವುದಕ್ಕೆ ಮದ್ದು, ಯಾವುದಕ್ಕೆ ಬರೀ ಎಣ್ಣೆ
ನನಗೆ ಹೇಳುವುದಿಲ್ಲ. ಹೇಳಲೂಬಾರದು;
ತಿಳಿದ ಕಣ್ಣು ಸುಳ್ಳು ನೋಡುತ್ತದಂತೆ.
ನನ್ನ ರಕ್ತದ ಸಂಗತಿಯನ್ನೂ
ನಾನು ಇದುವರೆಗೆ ಕೇಳಿಲ್ಲ.
ನಲವತ್ತೊಂಬತ್ತಾಯಿತು. ಮನೆಯಲ್ಲಿ ಹೊದಿಕೆಗಳನ್ನು
ಒಬ್ಬಳೇ ಮಡಿಸುತ್ತೇನೆ, ಗದ್ದಕ್ಕೆ ಒತ್ತಿಹಿಡಿದು,
ತುದಿಗೆ ತುದಿ ಕೂಡಿದೆಯೇ ಎಂದು
ಎರಡೆರಡು ಸಲ ನೋಡಿ.

ಇವತ್ತು ಮೂವತ್ತೊಂದನೆಯ ಪಂಜರ.
ವಯಸ್ಸಾದ ಹೆಣ್ಣಿಲಿ, ಬೆನ್ನು ಬಾಗಿದೆ.
ಮೂರು ಕಡೆ ಗೋಡೆ ಎದ್ದಿದೆ,
ನಾಲ್ಕನೆಯ ಕಡೆ ಹತ್ತಿ ಹಾಗೇ ಬಿದ್ದಿದೆ.
ಪೆನ್ನು ನಾಲ್ಕರ ಕಡೆಗೆ ಹೋಯಿತು,
ಸುಳ್ಳೇನು ಹೇಳಲಿ.
ಕಾಗದದ ಮೇಲೆ ಸ್ವಲ್ಪ ಹೊತ್ತು ತೂಗಿತು.

ಮೂರು ಎಂದು ಬರೆದೆ.

ಪಂಜರ ಒಳಕ್ಕೆ ತಳ್ಳುವಾಗ ನೋಡಿದರೆ
ಅದು ಇನ್ನೂ ಒಂದು ಎಳೆಯನ್ನು ಕಚ್ಚಿ ಎಳೆಯುತ್ತಿತ್ತು.