ತಡವಾದುದಕ್ಕೆ ಕಾರಣ

ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಕವಿತಾಳ ಠಾಣೆಯ ಮೆಟ್ಟಿಲ ಮೇಲೆ
ಚಪ್ಪಲಿ ಬಿಟ್ಟು ಒಳಗೆ ಬಂದ,
ಗುಡಿಗೆ ಬಂದವರ ಹಾಗೆ.
ಟವೆಲಿನಲ್ಲಿ ಇನ್ನೊಂದು ಚಪ್ಪಲಿ ಸುತ್ತಿ ಹಿಡಿದಿದ್ದ,
ಎಡಗಾಲಿನದು, ಒಂಟಿ,
ಉಂಗುಷ್ಟಕ್ಕೆ ಹಸಿರು ದಾರದ ಹೊಲಿಗೆ.

"ಬರಕೊಳ್ರಿ ಮೇಡಂ."
"ಯಾರ ಮೇಲೆ?"
"ನನ್ನ ಮ್ಯಾಲ."

ಒಂಬತ್ತು ವರ್ಷ ಈ ಮೇಜಿನಲ್ಲಿ ಬರೆದ ಬೆರಳು ನನ್ನದು.
ಅದಕ್ಕೆ ಬಾಯಿಪಾಠ:
ಯಾವುದೋ ಅಪರಿಚಿತ ವಾಹನದ ಚಾಲಕನು
ಅತೀವೇಗ ಹಾಗೂ ಅಲಕ್ಷತನದಿಂದ ನಡೆಸಿಕೊಂಡು ಬಂದು
ಟಕ್ಕರ್ ಕೊಟ್ಟು, ನಿಲ್ಲಿಸದೇ—
ಮುಂದೆ ಪೆನ್ನು ತಾನೇ ಓಡುತ್ತದೆ, ಅವನ ಹಿಂದೆ.
ಕುರಿಗೆ ಬಡಿದದ್ದೂ ಅಪರಿಚಿತ,
ಹಾಲಿನ ಹುಡುಗನಿಗೆ ಬಡಿದದ್ದೂ.
ಒಮ್ಮೊಮ್ಮೆ ಅನಿಸಿದ್ದಿದೆ:
ಎಲ್ಲ ಸೇರಿ ಅದು ಒಂದೇ ಗಾಡಿ ಇರಬೇಕು,
ಲಿಂಗಸುಗೂರು ರಸ್ತೆಯಲ್ಲಿ ರಾತ್ರಿಯೆಲ್ಲ ಅಡ್ಡಾಡುತ್ತ
ಯಾವ ಪಂಪಿನಲ್ಲೂ ಡೀಸೆಲ್ ಹಾಕಿಸದೆ.

ಇವನಿಗೆ ಹೆಸರಿತ್ತು.
ಹುಸೇನಪ್ಪ ತಂದೆ ಜಂಬಣ್ಣ, ವಯಸ್ಸು ನಲವತ್ತೊಂದು, ಸಾ: ಮುದಗಲ್.
ಲಾರಿಗೂ ನಂಬರಿತ್ತು, ಅಂಕಿ ಬಿಡಿಸಿ ಬಿಡಿಸಿ ಹೇಳಿದ.
ಟಾರ್ಚು ಹಿಡಿದು ಹೊರಗೆ ಹೋದೆ.
ಹತ್ತಿ ತುಂಬಿ ಎರಡೂ ಬದಿಗೆ ಹೊಟ್ಟೆ ಬಿಟ್ಟ ಗಾಡಿ.
ಒಂದು ಕಣ್ಣು ಒಡೆದಿತ್ತು,
ಒಡೆದಲ್ಲಿ ಅರಳೆ ಅಂಟಿತ್ತು,
ಯಾರೋ ಗಾಯಕ್ಕೆ ಒತ್ತಿ ಹಿಡಿದ ಹಾಗೆ.

"ಕಾಲುವಿ ದಾಟಿದ ಮ್ಯಾಲ ದಪ್ ಅಂತು.
ಹಂದಿ, ಅಂದ ಕ್ಲೀನರ್. ನಾನೂ ಹಂದೀನ ಅಂದೆ.
ಸಿರವಾರದ ತನಕ ಹಂದೀನ ಅನಕೋತ ಹೋದೆ.
ಹೊಳ್ಳಿ ಬಂದು ಮೊಬೈಲ್ ಬೆಳಕಿನಾಗ ಹುಡುಕಿದ್ವಿ.
ಯಾರೋ ಕೆಮ್ಮಿದಂಗ ಆತು, ಎಲ್ಲಂತ ತಿಳಿವಲ್ದು.
ಇದಷ್ಟ ಸಿಕ್ತು.
ಹಂದಿ ಚಪ್ಪಲ್ ಹಾಕ್ಕೊಳ್ಳಂಗಿಲ್ಲಲ್ರೀ."

ಜೀಪು ಹೋಯಿತು. ಆಂಬುಲೆನ್ಸಿಗೆ ಹೇಳಿದೆ.
ಬೆಂಚು ತೋರಿಸಿದರೂ ಕೂರಲಿಲ್ಲ.
"ಲೈಸನ್ ಕೊಡಾಗ ಹೇಳಿದ್ರಿ,
ಇಪ್ಪತ್ನಾಕು ತಾಸಿನಾಗ ಸ್ಟೇಷನ್ನಿಗೆ ತಿಳಿಸಬೇಕಂತ."
ಹೌದು, ಹಾಗೊಂದು ಕಲಂ ಇದೆ.
ಎಷ್ಟೋ ಸಲ ಬರೆದಿದ್ದೇನೆ ಅದನ್ನು,
ಯಾವಾಗಲೂ ಮುರಿದದ್ದೆಂದೇ.
ಪಾಲಿಸಿದರೆ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ:
ಕಾಲಿಗೆ ಧೂಳು, ಗಲ್ಲದ ಮೇಲೆ ಮೂರು ದಿನದ ಕೂಳೆ,
ಚಹಾದ ಲೋಟ ಹಿಡಿಯಲಾರದ ಕೈ.

ಫಾರ್ಮಿನಲ್ಲಿ ಒಂದು ಕಾಲಂ ಉಂಟು:
ತಡವಾದುದಕ್ಕೆ ಕಾರಣ.
ಎರಡು ತಾಸು ಹದಿನೈದು ನಿಮಿಷ.
"ಏನು ಬರೀಲಿ?"
"ಹೆದರಿಕಿ ಅಂತ ಬರೀರಿ.
ಮಂದಿ ಬಡೀತಾರಂತ. ಮಾಲಕ್ ಫೋನಿನಾಗ
ನಿಂದ್ರಬ್ಯಾಡ ತಗಿ ಅಂದ, ಅದನ್ನೂ ಬರೀರಿ.
ಬ್ಯಾಡ, ಅವನದು ಬ್ಯಾಡ. ಸ್ಟೇರಿಂಗ ನನ್ನ ಕೈಯಾಗಿತ್ತು."
ಪೆನ್ನು ಎತ್ತಿದ್ದೆ, ಇಳಿಸಲಿಲ್ಲ.
ಹೆದರಿಕೆ ಎಂದು ಬರೆದರೆ
ನಾಳೆ ಕಟಕಟೆಯಲ್ಲಿ ಅದೊಂದೇ ಪದವನ್ನು
ಎಳ್ಳಿನಂತೆ ಕುಟ್ಟುತ್ತಾರೆ.
"ಸಿರವಾರದಿಂದ ಹೊಳ್ಳಾಕ ಯಾಕ ಹೊತ್ತಾತು?"
"ಲೋಡ್ ಗಾಡಿರಿ. ಎರಡೂ ಕಡೆ ನೀರು ಕಟ್ಟಿದ ಗದ್ದಿ.
ತಿರುಗಿಸಾಕ ಜಾಗಾ ಸಿಗಲಿಲ್ಲ."

ಅದನ್ನು ಬರೆದೆ.
ಲಾರಿ ತಿರುಗಿಸಲು ಜಾಗ ಸಿಗದೇ ಇದ್ದುದರಿಂದ.

ಐದಕ್ಕೆ ವೈರ್‌ಲೆಸ್ ಗೊರಗುಟ್ಟಿತು:
ಜಾಲಿ ಪೊದೆಯಲ್ಲಿ ಸಿಕ್ಕ, ಉಸಿರೈತಿ, ರಾಯಚೂರಿಗೆ ಒಯ್ತಿದ್ದೀವಿ.
ಹುಸೇನಪ್ಪ ಆಗ ಕೂತ, ಬೆಂಚಿನ ಮೇಲಲ್ಲ, ನೆಲಕ್ಕೆ.
ಹೆಸರೇನಂತೆ ಅಂದ. ಯಾರಿಗೂ ಗೊತ್ತಿರಲಿಲ್ಲ ಇನ್ನೂ.

ಗೊತ್ತಾಯಿತು ಆಮೇಲೆ. ತಿಮ್ಮಯ್ಯ,
ಕಾಲುವೆಯ ತೂಬು ಕಾಯುವವನು, ನೀರು ಬಿಡಲು ಹೊರಟಿದ್ದ.
ಮೂರನೇ ದಿನ ಆಸ್ಪತ್ರೆಯಿಂದ ಚೀಟಿ ಬಂತು.
ಕಲಂ ಬದಲಿಸಿ ಬರೆದೆ.
ಆ ಕಾಲಂ ಮುಟ್ಟಲಿಲ್ಲ.

ಮುದ್ದೆಮಾಲಿನ ಕೋಣೆಯಲ್ಲಿ ಒಂಟಿ ಚಪ್ಪಲಿಗೆ
ನಂಬರು ಬರೆದು ಚೀಟಿ ಕಟ್ಟಿದ್ದೇನೆ.
ಬರಿಗಾಲಲ್ಲೇ ಅವನನ್ನು ಕೋರ್ಟಿಗೆ ಒಯ್ದರು ಅಂದು.
ಅವನು ಬಿಟ್ಟ ಜೊತೆ ಮೆಟ್ಟಿಲ ಮೇಲೇ ಇದೆ,
ಯಾವ ಪಟ್ಟಿಯಲ್ಲೂ ಇಲ್ಲ.
ಗುಡಿಸುವ ಹುಲಿಗೆಮ್ಮ ಅದನ್ನೆತ್ತಿ
ಗುಡಿಸಿ, ಮತ್ತೆ ಅಲ್ಲಿಯೇ ಇಡುತ್ತಾಳೆ.