ಅರವತ್ತನಾಲ್ಕನೆಯ ಇಲ್ಲ

ಹೂಲಿಯಾಕಾದ ಗಾಳಿಗೆ ಯಾರ ತರಬೇತಿಯೂ ಬೇಡ.
ಸರ್ವ್ ಮಾಡಿದ ಚೆಂಡನ್ನು ತಾನೇ ಎತ್ತಿಕೊಂಡು
ಗೆರೆಯಾಚೆ, ಗೋಡೆಯಾಚೆ, ಟೈರ್ ಅಂಗಡಿಯ ತಗಡಿನ ಮೇಲೆ
ಇಟ್ಟು ಬರುತ್ತದೆ.
ಇಷ್ಟು ಎತ್ತರದ ಊರಲ್ಲಿ ಚೆಂಡಿಗೂ
ಇಳಿಯುವ ಮನಸ್ಸಿರುವುದಿಲ್ಲ.

ಏಳು ವರ್ಷದಿಂದ ಕೂಗುತ್ತಿದ್ದೇನೆ.
ಬೆಳಗಿನ ಜಾವ ಬ್ರೆಡ್ಡಿನ ಒಲೆ, ಸಂಜೆ ಈ ಸಿಮೆಂಟ್ ಅಂಗಳ,
ವಿದ್ಯುತ್ ಕಂಬಕ್ಕೂ ಚರ್ಚಿನ ಕಿಟಕಿ ಸರಳಿಗೂ ಕಟ್ಟಿದ ನೆಟ್ಟು,
ಹನ್ನೊಂದು ಹುಡುಗಿಯರು, ಮೂರು ಚೆಂಡು.
ಮತ್ತೆ ಸೋತ ದಿನ, ಹುಡುಗಿಯರಿಗೆ ಕಿವಿಯೇ ಇಲ್ಲ ಎಂದೆ.
ನಿನ್ನ ಬಾಯಿಗೂ ಒಂದು ಕಿವಿ ಬೇಕಲ್ಲ,
ಹಿಟ್ಟು ನಾದುತ್ತಲೇ ಅಂದಳು ಅತ್ತಿಗೆ ಸತುರ್ನಿನಾ.
ತನ್ನ ಹಳೆಯ ಫೋನನ್ನು ರೆಕಾರ್ಡಿಗೆ ಹಾಕಿ
ನನ್ನ ಜೇಬಿಗೆ ತುರುಕಿದಳು.

ರಾತ್ರಿ, ಹಿಟ್ಟನ್ನು ಉಬ್ಬಲು ಬಿಟ್ಟು, ಕೇಳಿದೆ.
ಮೊದಲು ಗಾಳಿ. ಆಮೇಲೆ ಯಾರೋ ಹೆಂಗಸು,
ಸಂತೆಯಲ್ಲಿ ಚಿಲ್ಲರೆಗೆ ಜಗಳ ಕಾಯುವವಳ ಹಾಗೆ:
ಇಲ್ಲ. ಇಲ್ಲ. ಹಾಗಲ್ಲ. ಮೊಣಕೈ! ಇಲ್ಲ.
ಹಲಗೆಯ ಹಿಟ್ಟಿನ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತ ಹೋದೆ.
ಇಲ್ಲ, ಅರವತ್ತಮೂರು.
ಎತ್ತರದ ಯೊಲಾಂಡಾಳ ಹೆಸರು ಹತ್ತೊಂಬತ್ತು ಸಲ.
ಭೇಷ್, ಒಂದು. ಅದೂ
ನೆಟ್ಟಿಗೆ ತಾಗಿ ತಾನಾಗಿ ಆಚೆ ಬಿದ್ದ ಚೆಂಡಿಗೆ.
ಫ್ಲೋರೆಂಟಿನಾ, ಇಲ್ಲ.
ಮತ್ತೆ ಮೊದಲಿನಿಂದ ಕೇಳಿದೆ.
ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿತು.
ಫ್ಲೋರೆಂಟಿನಾ ಇಲ್ಲ.
ಆದರೆ ಚೆಂಡು ಗೋಡೆ ದಾಟಿದಾಗಲೆಲ್ಲ
ತಗಡಿನ ಮೇಲೆ ಹಗುರ ಕಾಲುಗಳ ಸದ್ದಿದೆ,
ಒಂದು ಏದುಸಿರು ಹತ್ತಿರ ಬಂದು
"ತಗೊಳ್ಳಿ ಪ್ರೊಫೆ" ಅನ್ನುತ್ತದೆ.
ಅದಕ್ಕೆ ನಾನು ಏನೂ ಅಂದಿಲ್ಲ.

ಮರುದಿನ ಚೆಂಡಿನ ಮೇಲೆ ಕಣ್ಣಿಡಲಿಲ್ಲ.
ಕಷ್ಟ. ಕಣ್ಣು ನಾಯಿಯ ಹಾಗೆ ಅದರ ಹಿಂದೆಯೇ ಓಡುತ್ತದೆ,
ಎಳೆದು ತಂದು, ಚೆಂಡಿಲ್ಲದವರ ಪಾದದ ಬಳಿ ಕೂರಿಸಬೇಕು.
ಫ್ಲೋರೆಂಟಿನಾಳ ಪಾದ
ಯೊಲಾಂಡಾ ನೆಗೆಯುವ ಮೊದಲೇ ತಿರುಗಿರುತ್ತಿತ್ತು,
ಚೆಂಡು ಬೀಳುವ ಜಾಗ ಅದಕ್ಕೆ ಮುಂಚೆಯೇ ಗೊತ್ತು.
ಎರಡು ವರ್ಷ, ನನ್ನ ಎದುರಿಗೇ.

"ಫ್ಲೋರೆಂಟಿನಾ!" ಎಂದೆ.
ಬೆಚ್ಚಿದಳು. ಚೆಂಡು ಮುಂಗೈಗಳ ನಡುವೆ ಜಾರಿ
ಎದೆಗೆ ಬಡಿಯಿತು. ಎಲ್ಲರೂ ನಕ್ಕರು.
ನಾಲಿಗೆಯ ತುದಿಗೆ ಬಂದಿತ್ತು ಅರವತ್ತನಾಲ್ಕನೆಯದು.
ನುಂಗಿದೆ, ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡಿನ ಹಾಗೆ.
"ಇನ್ನೊಂದು" ಎಂದೆ.
ಗಾಳಿ ಅದನ್ನು ಟೈರ್ ಅಂಗಡಿಗೆ ಒಯ್ದಿತು.
ಅವಳು ಆಗಲೇ ಓಡತೊಡಗಿದ್ದಳು.
ನಿಲ್ಲು ಎಂದು ಕೈ ತೋರಿಸಿ,
ಈ ಸಲ ಗೋಡೆ ಹತ್ತಿದೆ, ನಾನು.