ಟೋಕನ್

ಸೈಕಲ್ ಈಗ ಯಾರೂ ತರಲ್ಲ, ಆದ್ರೂ
ಸೈಕಲ್ ಸ್ಟ್ಯಾಂಡೇ ಅಂತಾರ.
ಮೆಹತಾಬ್ ಟಾಕೀಸಿನ ಎಡಕ್ಕ, ಶಹಾಬಾದ್ ಪರಸಿ ಹಾಸಿದ ಅಂಗಳ.
ಹಗಲೆಲ್ಲ ಕುಡಿದ ಬಿಸಿಲು
ರಾತ್ರಿ ಹನ್ನೊಂದಕ್ಕೂ ಅಂಗಾಲಿಗೆ ಕಕ್ಕೋ ಕಲ್ಲು.
ಅಲ್ಲಿ ನಾನು, ಒಂದು ಸ್ಟೂಲು, ಹಿತ್ತಾಳಿ ಟೋಕನ್ನಿನ ಸರ.
ನೂರಾ ಹನ್ನೆರಡಿದ್ವು. ಕಳದು ಉಳದದ್ದು ತೊಂಬತ್ತು.

ಕಲಬುರಗಿಯ ಈ ಗಲ್ಲಿಗೆ ಎರಡು ಟಾಕೀಸು, ಆರು ಬಾರು,
ಮಾಳಿಗಿ ಮ್ಯಾಲ ಆರ್ಕೆಸ್ಟ್ರಾ,
ತಹರಿ ಹಂಡೆ, ಗಂಟೆ ಲೆಕ್ಕದ ಲಾಡ್ಜು.
ಶನಿವಾರ ಬಂತಂದ್ರ ಯಾರದಾರ ಹೊಟ್ಟಿ.
ಕಾರಹುಣ್ವಿ ಎದುರಿಗೆ ಒಂದಿನ
ಲಾಡ್ಲೇಸಾಬನ ತಮ್ಮ, ಇಂಟರ್ವಲ್‌ದಾಗ ಹೊರಗ ಬಂದವ,
ಕೈಯಾಗ ಅರ್ಧ ತಿಂದ ಮಿರ್ಚಿ,
ನನ್ನ ಸ್ಟೂಲಿನ ಮುಂದೇ ಕುಂತ.
ಕುಂತವ ಏಳಲಿಲ್ಲ.
ಅವನ ಗಾಡಿ, ಟೋಕನ್ ಮೂವತ್ನಾಕು,
ಎಂಟು ದಿನ ಹಂಗೇ ನಿಂತಿತ್ತು.

ಆಮ್ಯಾಲ ಬಂದವ ಅಂಬಣ್ಣ. ಬೀಟಿನ ಪೊಲೀಸ.
ಜೀಪಿಲ್ಲ. ಲಾಠಿ ಬಗಲಾಗ, ಛತ್ರಿ ಹಂಗ.
ಒಂದು ಪುಸ್ತಕ ತಂದು ನನ್ನ ಮೊಳಿಗೆ ತೂಗಹಾಕ್ದ.
"ಕಾಕು, ದಿನಾ ರಾತ್ರಿ ಬಂದು ಸಹಿ ಮಾಡ್ತೀನಿ.
ಬರಲಿಲ್ಲಂದ್ರ ನೀ ಬರಿ, ಬರಲಿಲ್ಲ ಅಂತ."
ನನಗ ಅಂಕಿ ಅಷ್ಟೇ ಬರ್ತಾವ, ಅಂದೆ.
"ಹಂಗಾರ ಸೊನ್ನಿ ಹಾಕು."
ಆರು ತಿಂಗಳಾಗ ಎರಡು ಸೊನ್ನಿ ಹಾಕೀನಿ.
ಒಂದಿನ ಅವನ ಮಗಳಿಗೆ ಜ್ವರ.
ಇನ್ನೊಂದರದ್ದು ಅವ ಹೇಳಲಿಲ್ಲ, ನಾ ಕೇಳಲಿಲ್ಲ.

ಪರಸಿ ಮ್ಯಾಲೇ ಸಭೆ ಕರದ.
ಬಂದವರು ನಾಕು ಮಂದಿ, ಒಂದು ನಾಯಿ.
ಬಾರಿನ ಮ್ಯಾನೇಜರ್ ಗಡಿಯಾರ ನೋಡ್ತಿದ್ದ.
ಆರ್ಕೆಸ್ಟ್ರಾದ ಕಸ್ತೂರಿ, ಮುಖದ ಬಣ್ಣ ತೊಳಿದೇ ಬಂದಾಕಿ,
ಅಂದ್ಳು: "ಭಾಷಣ ಬ್ಯಾಡ್ರಿ ಸಾಹೇಬ್ರ,
ಹಿಂದಿನ ಸಂದ್ಯಾಗ ಒಂದು ಲೈಟ್ ಹಾಕಸ್ರಿ."
ಹಾಕಿಸಿದ. ಯಾರೋ ಕಲ್ಲು ಒಗದ್ರು. ಮತ್ತ ಹಾಕಿಸಿದ.
ಮೂರನೇದು ಇನ್ನೂ ಉರೀಲಕತ್ತದ.

ಒಂದು ಶನಿವಾರ ಸೆಕೆಂಡ್ ಶೋಕ್ಕ
ಮಿಲ್ಲಿನ ಹುಡುಗ ಸಾಬಣ್ಣ ಗಾಡಿ ಬಿಟ್ಟು
ಅಲ್ಲೇ ಕಾಲು ಕೆರಕೋತ ನಿಂತ.
"ಕಾಕು, ಇದನ್ನೂ ಇಟ್ಕೋತಿಯೇನು?"
ಪೇಪರಿನಾಗ ಸುತ್ತಿದ್ದು. ಬಿಚ್ಚೋದೇನು ಬ್ಯಾಡ,
ತೂಕ ಹೇಳ್ತದ.
ನಾ ಅಂಬಣ್ಣನ ಮುಖ ನೋಡ್ದೆ.
ಅಂಬಣ್ಣ ಪೋಸ್ಟರಿನಾಗಿನ ಹೀರೋಯಿನ್ ನೋಡ್ತಿದ್ದ.
ಟೋಕನ್ ಕೊಟ್ಟೆ.
ಗಾಡಿಗೆ ಹತ್ತು ರೂಪಾಯಿ. ಇದಕ್ಕ ಪುಕ್ಕಟ.

ಬಿಸ್ಕಿಟ್ ಡಬ್ಬಿ ಹಿಂಗ ತುಂಬಿತು.
ಒಂದೇ ಕಟ್ಲಿ: ಬಾಯಿ ವಾಸನಿ ಬಂದ್ರ ನಾಳಿ ಬಾ.
ಮರುದಿನ ಬಿಸಿಲಾಗ ಬಂದವರು
ತಮ್ಮದೇ ಚಾಕು ಗುರ್ತು ಹಿಡೀಲಿಕ್ಕೆ ನಾಚತಿದ್ರು.
ಬರದೇ ಇದ್ದವರೂ ಇದ್ರು.
ಒಬ್ಬ ಟೋಕನ್ನಿಗೆ ಕೀಲಿ ಪೋಣಿಸ್ಯಾನ, ನಾ ಕಂಡೀನಿ.
ದಸರಾ ಹೋತು, ಉರುಸು ಹೋತು.
ನನ್ನ ಪರಸಿ ತೊಳಿಲಿಕ್ಕೆ ಬರೀ ನೀರು ಸಾಕಾಯ್ತು.

ಅಂಬಣ್ಣನ್ನ ಸೇಡಂಗ ಹಾಕಿದ್ರು.
ಹೊಸಬ ಜೀಪಿನಾಗ ಬಂದ, ಡಬ್ಬಿ ತಗದ, ಎಣಿಸಿದ.
ಮರುದಿನ ಪೇಪರಿನಾಗ ಫೋಟೋ:
ಬಿಳಿ ಬಟ್ಟಿ ಹಾಸಿದ ಟೇಬಲ್ಲಿನ ಮ್ಯಾಲ
ಮದುವಿ ಮುಯ್ಯಿ ಹಂಗ ಸಾಲಾಗಿಟ್ಟ
ಹದಿನೇಳು ಮಾರಕಾಸ್ತ್ರ, ಹಿಂದ ಮಂದಿ.
ನನ್ನ ಪಂಚರ ಮಾಡಿ ಕಾಗದ ಮುಂದ ನೂಕಿದ್ರು.
ಸಹಿ ಜಾಗಕ್ಕ ಸೊನ್ನಿ ಹಾಕ್ದೆ.
ಅವರು ಅದನ್ನ ನನ್ನ ಹೆಸರು ಅಂದ್ಕೊಂಡ್ರು.

ಇವತ್ತ ಶನಿವಾರ.
ಸಾಬಣ್ಣ ಬಂದಾನ. ಗಾಡಿ ಸ್ಟ್ಯಾಂಡ್ ಹಾಕ್ಯಾನ.
ಒಂದು ಕೈ ಸೊಂಟದ ಮ್ಯಾಲ,
ಕಣ್ಣು ಡಬ್ಬಿ ಇದ್ದ ಜಾಗದಾಗ.
ಗೇಟಿನಾಗ ಎರಡನೇ ಗಂಟೆ ಹೊಡಿತು.
ನಾನೂ ಮಾತಾಡಲಿಲ್ಲ.
ಸೆರಗು ಹಿಡದು ಉಡಿ ಒಡ್ಡಿದೆ,
ಅಕ್ಕಿ, ಕೊಬ್ಬರಿಬಟ್ಟಲ, ಅರಿಷಿಣಕೊಂಬು ಬೀಳೋ ಉಡಿ,
ಇನ್ನೊಂದು ಕೈಲೆ ಸರದಾಗಿಂದ
ಒಂದು ಟೋಕನ್ ಬಿಚ್ಚಿದೆ.

ಮೂವತ್ನಾಕು.